ಬೆನ್ನ ಹಿಂದೆ ಕಟ್ಟಿದ ಕೈ

ನಾನು ರೆಸ್ಟ್‌ರೂಮಿಗೆ ಹೋಗಿ ಬರುವಷ್ಟು ಹೊತ್ತೂ ಅವರು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಾರಿನಿಂದ ನಾಲ್ಕು ಹೆಜ್ಜೆ ದೂರ ಸರಿದು, ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಅಗಲವಾದ ಕೈಗಳು, ಎಷ್ಟು ತೊಳೆದರೂ ರೇಖೆಗಳಲ್ಲಿ ಕಪ್ಪು ಉಳಿದಿರುತ್ತಿತ್ತು. ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಅರ್ಧ ಬಿಚ್ಚಿದ ನಟ್ಟು ಅರ್ಧಕ್ಕೇ ಇರುತ್ತಿತ್ತು, ಎಣ್ಣೆ ತೊಟ್ಟಿಕ್ಕುತ್ತಿದ್ದರೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ನಾನು ವಾಪಸು ಬಂದು "ಬಂದೆ ಮೇಸ್ತ್ರಿ" ಅಂದ ಮೇಲೆಯೇ ಆ ಕೈಗಳು ಬಿಚ್ಚಿಕೊಂಡು ಮುಂದೆ ಬರುತ್ತಿದ್ದವು. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಎರಡನೇ ಸಲ ಭಯವಾಯಿತು.

ಹೇವರ್ಡಿನ ಗೋದಾಮುಗಳ ಸಾಲಿನ ಕೊನೆಯಲ್ಲಿ, ಒಂದು ಟೈರ್ ಅಂಗಡಿಯ ಹಿಂದೆ, ಅವರ ಗ್ಯಾರೇಜು. ಒಂದೇ ಶಟರು, ಒಂದೇ ಲಿಫ್ಟು, ಒಬ್ಬರೇ ಮನುಷ್ಯ. ಸೋವಿಯತ್ ಕಾಲದ ಅರ್ಮೇನಿಯಾದಲ್ಲಿ ಸರ್ಕಾರದ ಕಾರು ಸರ್ವಿಸ್ ಸ್ಟೇಷನ್ನಿನಲ್ಲಿ ಅರ್ಧ ಆಯಸ್ಸು ಕಳೆದು, ಆ ದೇಶವೇ ಒಡೆದುಹೋದ ಮೇಲೆ ನೆಂಟರ ಬೆನ್ನು ಹಿಡಿದು ಇಲ್ಲಿಗೆ ಬಂದವರು. ಹೆಂಡತಿ ಅಲ್ಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವರ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಮಂಡ್ಯದಲ್ಲಿ ನಮ್ಮಪ್ಪ ಕೆಲಸ ಮಾಡುತ್ತಿದ್ದ ಬಸ್ ಡಿಪೊದಲ್ಲಿ ಹಿರಿಯ ಮೆಕ್ಯಾನಿಕ್ಕಿಗೆ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರ್ಥ ಕೇಳಿ, ತಲೆ ತೂಗಿ, ಒಪ್ಪಿಕೊಂಡರು. ನನಗೆ ಅವರು ಇಟ್ಟ ಹೆಸರು 'ಡಿಪೊ ಮಗಳು'.

ಅವರದು ಮುರುಕು ಇಂಗ್ಲಿಷು, ನನ್ನದು ಹೊಸದಾಗಿ ಹೊಲಿಸಿದ ಇಂಗ್ಲಿಷು. ಇಬ್ಬರಿಗೂ ಅದು ಅಷ್ಟಕ್ಕಷ್ಟೇ. ಆದರೆ ಇಷ್ಟು ವರ್ಷ ನೆನಪಿನಲ್ಲಿ ಓಡಾಡಿ ಓಡಾಡಿ ಅವರು ಈಗ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಅವರ ಮಾತನ್ನು ನಾನು ಹಾಗೇ ಬರೆಯುತ್ತೇನೆ.

ಶಟರಿನ ಪಕ್ಕದಲ್ಲಿ ಒಂದು ರಟ್ಟು ನೇತಾಡುತ್ತಿತ್ತು. ಅದರ ಮೇಲೆ ಅವರೇ ಮಾರ್ಕರಿನಲ್ಲಿ ಬರೆದಿದ್ದು ಇಷ್ಟೇ: ಕಾರಿನವರು ಕಾರಿನ ಹತ್ತಿರ ನಿಂತಿರಬೇಕು, ಬಿಟ್ಟು ಹೋಗುವವರು ಬೇರೆ ಕಡೆ ಹೋಗಬೇಕು. ಅದು ಎಂಥ ಕಾಲ ಅಂತೀರಿ! ಊಟಕ್ಕೆ ಕೂತವರೂ ಶೇರಿನ ಮಾತು ಆಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಕಂಪನಿ ಬದಲಾಯಿಸದವರನ್ನು ಕಂಡರೆ ಪಾಪ ಅನ್ನುತ್ತಿದ್ದರು. ಆ ಊರಲ್ಲಿ ಗ್ಯಾರೇಜಿನ ನೆಲದ ಮೇಲೆ ಮೂರು ಗಂಟೆ ನಿಲ್ಲುವಷ್ಟು ಪುರುಸೊತ್ತು ಯಾರಿಗಿತ್ತು? ರಿಟೈರಾದ ಮುದುಕರಿಗಿತ್ತು. ನನ್ನಂಥ ಡಿಪೆಂಡೆಂಟ್ ವೀಸಾದ ಹೆಂಡತಿಯರಿಗಿತ್ತು. ಓದಿದ್ದು ಇಂಜಿನಿಯರಿಂಗು, ವೀಸಾದ ಪ್ರಕಾರ ದುಡಿಯುವ ಹಾಗಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟು ನೋಡಿಕೊಂಡು ಕೂರುವುದಕ್ಕಿಂತ ಅಲ್ಲಿ ನಿಲ್ಲುವುದೇ ವಾಸಿ ಅನ್ನಿಸುತ್ತಿತ್ತು. ನಮ್ಮ ಹಳೇ ಜಪಾನಿ ಕಾರೂ ತಿಂಗಳಿಗೊಂದು ನೆಪ ಕೊಡುತ್ತಿತ್ತು.

ನನ್ನ ಗಂಡನಿಗೆ ಇದೆಲ್ಲ ತಮಾಷೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ. ಏನೋ ಮಾಡಿರ್ತಾನೆ ಕಣೇ ನಿಮ್ ಮೇಸ್ತ್ರಿ. ಅದಕ್ಕೇ ಆ ಕೈ ಕಟ್ಕೊಳೋ ಡ್ರಾಮಾ."

ನನಗೆ ಸಿಟ್ಟು ಬಂತು. ಮಂಡ್ಯಕ್ಕೆ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ. "ಸರ್ಕಾರಿ ಕೆಲ್ಸ ಅಲ್ವೇನವ್ವ, ಸ್ಪೇರು ಬರ್ದೆ ಇದ್ರೆ ನಿಂತಿರೋ ಬಸ್ನಿಂದ ಬಿಚ್ಚಿ ಓಡೋ ಬಸ್ಗೆ ಹಾಕದು ನಮ್ಮಲ್ಲೂ ಇತ್ತು. ಆದ್ರೆ ನಾವು ನಿಂತಿರೋದ್ರಿಂದ ಬಿಚ್ತಿದ್ದೋ" ಎಂದರು. ಆಮೇಲೆ, "ಅಲ್ಲಿ ಯಾವುದ್ರಿಂದ ಬಿಚ್ತಿದ್ರೋ" ಅಂದರು.

ಮೇಸ್ತ್ರಿ ಕಾರಿನ ಬಾಗಿಲು ತೆಗೆದ ಕೂಡಲೇ ಮೊದಲು ನೋಡುತ್ತಿದ್ದದ್ದು ಇಂಜಿನ್ನನ್ನಲ್ಲ, ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು. ಕಾರು ತಯಾರಾದ ತಿಂಗಳು ಅದರಲ್ಲಿರುತ್ತದೆ. ತಾರೀಖು ಇರುವುದಿಲ್ಲ ಎಂದು ಗೊತ್ತಿದ್ದರೂ ಹುಡುಕುವರು. ಅವರ ದೇಶದಲ್ಲಿ ಕಾರಿಗೆ ಹೆಸರು ಬರೆಸಿ ಎಂಟು ಹತ್ತು ವರ್ಷ ಕಾಯಬೇಕಿತ್ತಂತೆ. ನಮ್ಮಪ್ಪ ಸ್ಕೂಟರಿಗೆ ಕಾದ ಕಥೆ ಹೇಳಿದೆ, ಖುಷಿಪಟ್ಟರು. "ಆದ್ರೆ ಕಾದವರೂ ತಾರೀಖು ಕೇಳ್ತಿದ್ರು. ತಿಂಗಳ ಕೊನೇ ವಾರ ಹುಟ್ಟಿದ ಗಾಡಿ ಬೇಡ ಅಂತಿದ್ರು. ತಿಂಗಳಿಗಿಷ್ಟು ಗಾಡಿ ಅಂತ ಪ್ಲಾನ್ ಇರ್ತಿತ್ತು, ಅದನ್ನ ಮುಗಿಸ್ಬೇಕು ಅಂತ ಕೊನೇ ವಾರ ಸ್ಕ್ರೂನ ಸುತ್ತಿಗೇಲಿ ಹೊಡೆದು ಕೂರಿಸ್ತಿದ್ರು. ನಿನ್ನ ಗಂಡನ ಕಂಪನೀಲೂ ಪ್ಲಾನ್ ಇದೆಯಾ?"

"ಇದೆ. ಮೂರು ತಿಂಗಳ ಲೆಕ್ಕ, ಕ್ವಾರ್ಟರ್ ಅಂತಾರೆ. ಕ್ವಾರ್ಟರ್ ಕೊನೇ ವಾರ ಅವರು ಮನೆಗೇ ಬರಲ್ಲ."

ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. "ಎಲ್ಲಾ ಚೆನ್ನಾಗಿದೆ ಅಂತ ಕಾಗದ ಹೇಳ್ತಿದೆಯಾ?"

"ಶೇರ್ ಮೇಲೆ ಹೋಗ್ತಾ ಇದೆ ಮೇಸ್ತ್ರಿ."

"ನಮ್ಮಲ್ಲೂ ಕೊನೇವರೆಗೂ ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇತ್ತು" ಎಂದು ಮತ್ತೆ ಬಗ್ಗಿದರು. ಆಗ ಅದು ಮುದುಕರ ಗೊಣಗಾಟ ಅನ್ನಿಸಿತ್ತು. ಮರುವರ್ಷ ಫ್ರೀವೇ ಪಕ್ಕದ ಗಾಜಿನ ಕಟ್ಟಡಗಳ ಮೇಲೆ ಒಂದೊಂದಾಗಿ 'ಬಾಡಿಗೆಗಿದೆ' ಎಂಬ ಬೋರ್ಡು ಏರತೊಡಗಿದಾಗ ಆ ಮಾತು ನೆನಪಾಯಿತು.

ನಿಂತವರನ್ನು ಅವರು ಸುಮ್ಮನೆ ನಿಲ್ಲಲು ಬಿಡುತ್ತಿರಲಿಲ್ಲ. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಕೈಗೆ ಕೊಡುವರು. ಹಳೆಯದು ಇದು, ಹೊಸದು ಇದು, ನೋಡು, ಮುಟ್ಟು, ಹೌದು ಅನ್ನು. ಹೌದು ಅಂದ ಮೇಲೆಯೇ ಹೊಸದು ಒಳಗೆ ಹೋಗುತ್ತಿತ್ತು. ಹಳೆಯದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಮನೆಗೆ ಕಳಿಸುತ್ತಿದ್ದರು. ನಮ್ಮ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಸವೆದ ಬ್ರೇಕ್ ಪ್ಯಾಡುಗಳ ಗುಡ್ಡೆಯೇ ಆಗಿತ್ತು. ಟ್ರಯಲ್ ನೋಡಲು ಕಾರು ಹೊರಗೆ ತೆಗೆಯುವ ಮೊದಲು ಇನ್ನೊಂದು ಶಾಸ್ತ್ರ. ನನ್ನ ಪುಟ್ಟ ಮಗಳನ್ನು ಕೂರಿಸಲು ಹಿಂದಿನ ಸೀಟಿನಲ್ಲಿ ಕಟ್ಟಿದ ಕಾರ್ ಸೀಟನ್ನು ಬಿಚ್ಚಿ ತಂದು, ತಮ್ಮ ಕುರ್ಚಿಯ ಮೇಲೆ ಇಡುವರು. ಮಗಳು ಡೇಕೇರಿನಲ್ಲಿದ್ದಾಗಲೂ ಅಷ್ಟೇ. ಖಾಲಿ ಸೀಟು ತಾನೇ ಎಂದು ಕೇಳಿದ್ದಕ್ಕೆ, "ಖಾಲಿಯಾದ್ರೂ ಬೇಡ" ಅಂದಿದ್ದರು.

ನನಗೆ ಅವರ ಕೆಲಸಗಳಲ್ಲೆಲ್ಲ ಇಷ್ಟವಾಗಿದ್ದು ಬ್ರೇಕಿನ ಗಾಳಿ ತೆಗೆಯುವುದು. ಬ್ರೇಕಿನ ಎಣ್ಣೆ ಓಡುವ ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದನ್ನು ಹೊರಗೆ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ಸಣ್ಣ ತಿರುಪು ಸಡಿಲಿಸಿ, ಗಾಳಿ ಗುಳುಗುಳು ಎಂದು ಹೋದ ಮೇಲೆ ಬಿಗಿ ಮಾಡಬೇಕು. ಆಮೇಲೆ ಪೆಡಲು ಬಿಡಬೇಕು. ಒಂದೊಂದು ಚಕ್ರಕ್ಕೂ ಹತ್ತಾರು ಸಲ. ಪೆಡಲಿನ ಮೇಲೆ ನನ್ನ ಕಾಲು, ಕೆಳಗೆ ಅವರ ಕೈ. ಅವರ ಇಂಗ್ಲಿಷು ಕೆಳಗಿನಿಂದ ಕೇಳಿಸದೆ ನಾನು ಒಂದು ಸಲ ಬೇಗ ಬಿಟ್ಟುಬಿಟ್ಟೆ, ಗಾಳಿ ಮತ್ತೆ ಒಳಗೆ ಹೋಯಿತು. ಅದಕ್ಕೇ ಮೂರು ಕನ್ನಡ ಪದ ಕಲಿಸಿದೆ. ಆಮೇಲೆ ಆ ಗ್ಯಾರೇಜಿನಲ್ಲಿ ಕಾರಿನ ಅಡಿಯಿಂದ ಒಂದು ಗೊಗ್ಗರು ಧ್ವನಿ ಬರುತ್ತಿತ್ತು: "ಒತ್ತು... ಹಿಡಿ... ಬಿಡು." 'ಹಿಡಿ' ಅನ್ನುವುದನ್ನು ಅವರು ಎಳೆದು ಎಳೆದು ಹೇಳುತ್ತಿದ್ದರು. ಪಕ್ಕದ ಟೈರ್ ಅಂಗಡಿಯವನು ಇದೇನು ಮಂತ್ರವೋ ಎಂದು ಇಣುಕಿ ನೋಡಿ ಹೋಗಿದ್ದ.

ಅಂಥ ಒಂದು ದಿನವೇ, ಫೆಬ್ರವರಿಯ ಮಳೆಯಲ್ಲಿ, ಅವರು ಕಾರಿನ ಅಡಿಯಿಂದ ಎದ್ದು ಬರುವಾಗ ಎದೆ ಹಿಡಿದುಕೊಂಡು ನಿಂತರು. ಮುಖ ಬೂದಿ ಬಣ್ಣವಾಯಿತು. ಜೇಬಿನಿಂದ ಚಿಕ್ಕ ಮಾತ್ರೆ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡರು. ನಾನು ಆಂಬುಲೆನ್ಸು ಅಂದೆ. ಬೇಡ, ಇದು ಹಳೇ ನೆಂಟ, ಬರ್ತಾನೆ ಹೋಗ್ತಾನೆ ಅಂದರು. ಬಗ್ಗಿ ಏಳುವುದು, ಮತ್ತೆ ಬಗ್ಗುವುದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರಂತೆ. "ಅದಕ್ಕೇ ನೀನು ಪೆಡಲ್ ಒತ್ತಿದ್ರೆ ನನಗೆ ಒಳ್ಳೇದು, ಡಿಪೊ ಮಗಳೇ." ತಗಡಿನ ಚಾವಣಿಯ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅದನ್ನು ಕುಡಿಯುತ್ತ, ನಾನು ಕೇಳದೆಯೇ, ಹೇಳಿದರು.

ಅವರ ಸರ್ವಿಸ್ ಸ್ಟೇಷನ್ನಿನಲ್ಲಿ ಯಾವ ಸಾಮಾನೂ ಸಿಗುತ್ತಿರಲಿಲ್ಲ. ಅದಕ್ಕೇ ಕಾರಿನವರು ರಜೆ ಹಾಕಿ ಬಂದು ಕಾರಿನ ಪಕ್ಕದಲ್ಲೇ ನಿಲ್ಲುತ್ತಿದ್ದರು. ಕಣ್ಣು ತಪ್ಪಿದರೆ ಒಳ್ಳೇ ಬ್ಯಾಟರಿ ಹೋಗಿ ಸತ್ತ ಬ್ಯಾಟರಿ ಬಂದಿರುತ್ತಿತ್ತು. ರಸ್ತೆಯಲ್ಲಿ ನಿಲ್ಲಿಸಿದರೆ ವೈಪರ್ ಕಡ್ಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಬೇಕಾದ ಕಾಲ. "ಎಲ್ಲರೂ ಮಾಡ್ತಿದ್ರು, ನಾನೂ ಮಾಡ್ತಿದ್ದೆ. ಕಳ್ಳತನ ಅಂತ ಅನ್ನಿಸ್ತಾ ಇರ್ಲಿಲ್ಲ. ಸರ್ಕಾರದ್ದು ಎಲ್ಲರದ್ದು, ಎಲ್ಲರದ್ದು ಯಾರದ್ದೂ ಅಲ್ಲ."

ಒಂದು ದಿನ ಬೆಟ್ಟದ ಮೇಲಿನ ಹಳ್ಳಿಯಿಂದ ಒಬ್ಬ ಸ್ಕೂಲು ಮೇಷ್ಟ್ರು ಹೊಸ ಕಾರನ್ನು ಮೊದಲ ಸರ್ವಿಸಿಗೆ ತಂದರಂತೆ. ಒಂಬತ್ತು ವರ್ಷ ಕಾದು ತೆಗೆದುಕೊಂಡ ಕಾರು. ಜೊತೆಯಲ್ಲಿ ಐದು ವರ್ಷದ ಮಗಳು. ಅವಳಿಗೆ ಶೂ ಕೊಡಿಸಬೇಕಿತ್ತು. ನಿಲ್ಲದೆ ಹೊರಟ ಮೇಷ್ಟ್ರನ್ನು ಮೇಸ್ತ್ರಿಯೇ ಕೇಳಿದರು, ನಿಲ್ಲಲ್ವಾ ಅಂತ. "ನಿಮ್ಮ ಮುಖ ನೋಡಿದ್ರೆ ನಿಲ್ಲೋದು ಬೇಕಿಲ್ಲ ಅನ್ಸತ್ತೆ" ಅಂದುಬಿಟ್ಟರಂತೆ ಅವರು.

ಅವರು ಅತ್ತ ಹೋಗುತ್ತಲೇ ಇತ್ತ ಸ್ಟೇಷನ್ನಿನ ಮುಖ್ಯಸ್ಥ ಬಂದ. ಪಕ್ಷದ ದೊಡ್ಡ ಮನುಷ್ಯನ ಕಾರು ನಿಂತಿದೆ, ಬ್ರೇಕಿನ ಎಣ್ಣೆ ಓಡುವ ರಬ್ಬರ್ ಪೈಪು ಬೇಕು, ಸ್ಟೋರಿನಲ್ಲಿಲ್ಲ, ಆ ಹೊಸ ಗಾಡಿಯಿಂದ ತೆಗಿ ಎಂದ. ಮೇಸ್ತ್ರಿ ತೆಗೆದರು. ಮೇಷ್ಟ್ರ ಕಾರಿಗೆ ಬಿರುಕು ಬಿಟ್ಟ ಹಳೆಯದನ್ನು ಹಾಕಿದರು. ಒಂದು ತಿಂಗಳು ತಡೆಯುತ್ತದೆ, ಅಷ್ಟರಲ್ಲಿ ಮಾಲು ಬಂದರೆ ಕರೆದು ಬದಲಾಯಿಸೋಣ ಎಂದುಕೊಂಡರು. 'ಬ್ರೇಕ್ ಪರೀಕ್ಷಿಸಲಾಗಿದೆ' ಎಂದು ಶೀಟಿನಲ್ಲಿ ಬರೆದು ಮೊಹರು ಹಾಕಿಸಿದರು. ಸಾಯಂಕಾಲ ಮೇಷ್ಟ್ರು ಬಂದು, ಕೈ ಕುಲುಕಿ, ಒಣಗಿಸಿದ ಜರ್ದಾಳು ಹಣ್ಣು ಕೊಟ್ಟು ಹೋದರು. ಮಗು ಹೊಸ ಶೂ ತೋರಿಸಿತು.

"ತಡೀಲಿಲ್ಲ. ಹನ್ನೊಂದು ದಿನ. ಬೆಟ್ಟದ ಇಳಿಜಾರು."

ನಾನು ಕೇಳಿದೆ: "ಮಗು?"

ಅವರು ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಉತ್ತರ ಅದೇ ಆಗಿತ್ತು. ಆಮೇಲೆ ಹೇಳಿದರು, "ವಿಚಾರಣೆ ಆಯ್ತು. ಶೀಟು ಸರಿ ಇತ್ತು, ಮೊಹರು ಸರಿ ಇತ್ತು. ಓಡಿಸಿದವನದೇ ತಪ್ಪು ಅಂತ ಬರೆದ್ರು. ಸತ್ತವನ ತಲೆಗೆ ಕಟ್ಟಿದ್ರು. ನಾನು ಬಾಯಿ ಬಿಡ್ಲಿಲ್ಲ." ಆವತ್ತಿನಿಂದ ಒಡೆಯರು ಎದುರಿಗೆ ನಿಂತಿಲ್ಲದ ಕಾರನ್ನು ಅವರು ಮುಟ್ಟಿದ್ದಿಲ್ಲ. "ನಿನ್ನನ್ನ ನಿಲ್ಲಿಸ್ಕೊಳೋದು ನಿನಗೋಸ್ಕರ ಅಲ್ಲ. ಯಾರೂ ನೋಡದೆ ಇದ್ದಾಗ ಈ ಕೈ ಏನ್ ಮಾಡತ್ತೆ ಅಂತ ನನಗೆ ಗೊತ್ತು. ಇನ್ನೊಂದು ಸಲ ಯಾರಾದ್ರೂ ನನ್ನ ನಂಬಿ ಬಿಟ್ಟು ಹೋದ್ರೆ..." ಎಂದರು.

ಅಂದು ಮನೆಗೆ ಬಂದು ಗಂಡನಿಗೆ ಏನೂ ಹೇಳಲಿಲ್ಲ. ಕುಂಬಳಕಾಯಿ ಮಾತು ನಿಜವೇ ಆಗಿತ್ತಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ಮೇಸ್ತ್ರಿಯ ಮೇಲೆ ಅಸಹ್ಯವೂ ಆಯಿತು, ಸುಳ್ಳು ಯಾಕೆ ಹೇಳಲಿ. ಎರಡು ವಾರ ಆ ಕಡೆ ಹೋಗಲಿಲ್ಲ. ಆಮೇಲೆ ಮರುಕವೇ ಗೆದ್ದಿತು.

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಗಂಡನ ಆಫೀಸಿನಲ್ಲಿ ಮೂರರಲ್ಲಿ ಒಬ್ಬರನ್ನು ತೆಗೆದಿದ್ದರು. ಮುಂದಿನ ಪಟ್ಟಿ ಯಾವ ಶುಕ್ರವಾರವಾದರೂ ಬರಬಹುದಿತ್ತು. ಅವರ ಕೆಲಸ ಹೋದರೆ ವೀಸಾ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು. ನಾನು ಸಂಜೆ ಕ್ಲಾಸಿಗೆ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗು ಕಲಿತಿದ್ದೆ. ಸಾಂಟಾ ಕ್ಲಾರಾದ ಒಂದು ಚಿಕ್ಕ ಕಂಪನಿ ಇಂಟರ್‌ವ್ಯೂಗೆ ಕರೆದಿತ್ತು, ವೀಸಾ ತಾನೇ ಮಾಡಿಸುವುದಾಗಿ ಹೇಳಿತ್ತು. ಆ ಗುರುವಾರ ಹನ್ನೊಂದು ಗಂಟೆಗೆ. ಬೆಳಿಗ್ಗೆ ಮಗಳನ್ನು ಡೇಕೇರಿಗೆ ಬಿಟ್ಟು ಬರುವಾಗ ಬ್ರೇಕ್ ಪೆಡಲು ಪೂರ್ತಿ ಕೆಳಕ್ಕೆ ಇಳಿಯಿತು. ಎರಡು ಸಲ ತುಳಿದ ಮೇಲೆ ಕಾರು ನಿಂತಿತು. ಎಣ್ಣೆ ಕಡಿಮೆಯಾಗಿರಬೇಕು, ಹಾಕಿಸಿಕೊಂಡು ಹೋದರಾಯಿತು ಎಂದು ನಿಧಾನವಾಗಿ ಮೇಸ್ತ್ರಿಯ ಹತ್ತಿರ ತಂದೆ.

ಅವರು ಚಕ್ರದ ಒಳಮೈಯನ್ನು ಬೆರಳಿನಿಂದ ಸವರಿ, ಒದ್ದೆಯನ್ನು ನನಗೆ ತೋರಿಸಿದರು. "ಈ ಗಾಡಿ ಇಲ್ಲಿಂದ ಕದಲಲ್ಲ. ಹಿಂದಿನ ಎರಡು ಚಕ್ರದ ಬ್ರೇಕಲ್ಲೂ ಎಣ್ಣೆ ಸೋರ್ತಿದೆ. ಮೂರು ಗಂಟೆ ಕೆಲಸ. ನಿಂತ್ಕೋ."

"ನಿಲ್ಲಕ್ಕಾಗಲ್ಲ. ಇವತ್ತು ಇಂಟರ್‌ವ್ಯೂ ಇದೆ."

"ಹಾಗಾದ್ರೆ ನಾಳೆ ಬಾ. ಅಲ್ಲೀವರೆಗೂ ನಾನು ಮುಟ್ಟಲ್ಲ."

"ಸಾಯಂಕಾಲ ಮಗೂನ ಕರ್ಕೊಂಡು ಬರ್ಬೇಕು ಮೇಸ್ತ್ರಿ, ಗಾಡಿ ಬೇಕು. ಇವತ್ತೇ ಮಾಡಿ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ."

ಆ ಮಾತು ಕೇಳಿದ್ದೇ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕೈ ಬೆನ್ನಿಗೆ ಹೋಯಿತು. "ಅದನ್ನ ಮಾತ್ರ ಹೇಳ್ಬೇಡ. ಬೇಡ, ಮಗಳೇ. ನಾಳೆ ಬಾ."

ಇಲ್ಲೇ ಹತ್ತಿರದ ಡಬ್ಲಿನ್ ಅನ್ನುವ ಊರಿನ ನನ್ನ ಗೆಳತಿ ಅಷ್ಟರಲ್ಲಿ ಬಂದಿದ್ದಳು; ಹಾಸನದ ಕಡೆಯವಳು, ನನ್ನ ಫೋನು ಕೇಳಿ ಅಡುಗೆ ಬಿಟ್ಟು ಓಡಿ ಬಂದವಳು. ಕಾರಿನಲ್ಲೇ ಕೂತು ಹಾರ್ನು ಹೊಡೆಯುತ್ತಿದ್ದಳು. ಗಡಿಯಾರ ಹತ್ತು ತೋರಿಸುತ್ತಿತ್ತು. ಮೂರು ವರ್ಷ ಕಾರ್ಪೆಟ್ಟು ನೋಡಿದ ಸಿಟ್ಟೆಲ್ಲ ಒಟ್ಟಿಗೆ ನನ್ನ ಬಾಯಿಗೆ ಬಂತು. ಮಂಡ್ಯದ ಬಾಯಿ, ಒಮ್ಮೆ ತೆರೆದರೆ ಮುಗಿಯಿತು. "ನಿಮ್ಮ ಪಾಪಕ್ಕೆ ನಾನು ಕಾವಲು ಕೂತಿರಕ್ಕಾಗಲ್ಲ" ಎಂದುಬಿಟ್ಟೆ. ಅಷ್ಟನ್ನು ಹೇಳುವಷ್ಟು ಇಂಗ್ಲಿಷು ನನಗೆ ಆಗ ಚೆನ್ನಾಗಿಯೇ ಬಂತು.

ನಾನು ನೋಡುತ್ತಿದ್ದ ಹಾಗೆಯೇ ಮೇಸ್ತ್ರಿ ಕೈಗಳನ್ನು ಬೆನ್ನಿನಿಂದ ಬಿಚ್ಚಿ, ಮುಂದೆ ತಂದು, ಬೀಗದ ಕೈಗಾಗಿ ಅಂಗೈ ಚಾಚಿದರು. ನಾನು ಬೀಗದ ಕೈ ಇಟ್ಟು ಓಡಿದೆ.

ಸಾಂಟಾ ಕ್ಲಾರಾದಲ್ಲಿ ಆ ಕಂಪನಿಯ ಗಾಜಿನ ಬಾಗಿಲು ಹಾಕಿತ್ತು. ಒಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಬ್ಬ ಸೆಕ್ಯೂರಿಟಿಯವನು ಬಂದು, ನಿನ್ನೆ ಸಾಯಂಕಾಲವೇ ಮುಚ್ಚಿತು, ನಿಮಗೆ ಯಾರೂ ಫೋನು ಮಾಡಲಿಲ್ಲವೇ ಎಂದು ಕೇಳಿದ. ನಾನು ಫೈಲು ಎದೆಗವಚಿಕೊಂಡು ಪಾರ್ಕಿಂಗ್ ಲಾಟಿನಲ್ಲಿ ನಿಂತೆ. ಗೆಳತಿ ಬಂದು ಭುಜ ಹಿಡಿದುಕೊಂಡಳು. "ಹೋಗ್ಲಿ ಬಿಡೆ. ಇವರದ್ದು ಹೋದ್ರೆ ಇವರಪ್ಪಂದು ಸಿಗತ್ತೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಬಾ, ದೋಸೆ ತಿನ್ನೋಣ."

ಆಗ ಹನ್ನೊಂದೂಕಾಲು. ಹೇವರ್ಡಿಗೆ ಮುಕ್ಕಾಲು ಗಂಟೆಯ ದಾರಿ. ಹೋಗಿ ನಿಲ್ಲಬಹುದಿತ್ತು. ಅದು ಹೊಳೆಯಲಿಲ್ಲ ಅಂತಲ್ಲ. "ಗ್ಯಾರೇಜಿಗೆ ಹೋಗ್ಬೇಕಾ?" ಎಂದು ಗೆಳತಿಯೂ ಕೇಳಿದಳು. ಆಡಿದ ಮಾತಿನ ನಾಚಿಕೆ, ಮುಚ್ಚಿದ ಬಾಗಿಲಿನ ಅವಮಾನ, ಎರಡೂ ಸೇರಿ ಹಟವಾಗಿತ್ತು. ಒಂದು ದಿನವಾದರೂ ಈ ಮುದುಕ ತಾನೊಬ್ಬನೇ ಮಾಡಲಿ, ಏನಾಗುತ್ತದೆ ನೋಡೋಣ ಅಂದುಕೊಂಡೆ. "ಬೇಡ ಕಣೆ, ನಡಿ" ಎಂದೆ.

ಮೂರೂವರೆಗೆ ಗೆಳತಿ ನನ್ನನ್ನು ಗ್ಯಾರೇಜಿನ ಮುಂದೆ ಇಳಿಸಿ ಹೋದಳು. ಶಟರು ತೆರೆದೇ ಇತ್ತು. ಕಾರು ಇರಲಿಲ್ಲ. ಬೆಂಚಿನ ಮೇಲೆ ನ್ಯೂಸ್‌ಪೇಪರು ಹಾಸಿ, ಬಿಚ್ಚಿದ ಹಳೇ ಸಾಮಾನುಗಳನ್ನು ಸಾಲಾಗಿ ಜೋಡಿಸಿದ್ದರು, ಪ್ರತಿಯೊಂದರ ಪಕ್ಕಕ್ಕೂ ಹೊಸದರ ಖಾಲಿ ಡಬ್ಬ. ನಾನು ನೋಡಿ ಹೌದು ಅನ್ನಬೇಕಲ್ಲ. ಅವರ ಕುರ್ಚಿಯ ಮೇಲೆ ನನ್ನ ಮಗಳ ಕಾರ್ ಸೀಟು ಇತ್ತು. ಅದನ್ನು ಕಂಡು ಸಮಾಧಾನವಾಯಿತು. ಕೆಲಸ ಮುಗಿಸಿ ಟ್ರಯಲ್ಲಿಗೆ ಹೋಗಿದ್ದಾರೆ. ನಾನು ಪಕ್ಕದಲ್ಲಿ ನಿಂತು ಕ್ಷಮೆ ಕೇಳುವ ಇಂಗ್ಲಿಷನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ನಾಲ್ಕು ಗಂಟೆಯಾಯಿತು. ನಾಲ್ಕೂಕಾಲಾಯಿತು. ಪಕ್ಕದ ಟೈರ್ ಅಂಗಡಿಯವನು ಬಂದು, ಅವರು ಹೊರಟು ಬಹಳ ಹೊತ್ತಾಯಿತು ಎಂದ. ಆಮೇಲೆ ಪೊಲೀಸ್ ಕಾರು ಬಂತು. ನಂಬರ್ ಪ್ಲೇಟ್ ಹಿಡಿದು ನಮ್ಮ ಮನೆಗೆ ಹೋಗಿ, ಯಾರೂ ಇಲ್ಲದ್ದರಿಂದ, ಮೇಸ್ತ್ರಿಯ ಜೇಬಿನಲ್ಲಿದ್ದ ಗ್ಯಾರೇಜಿನ ಕಾರ್ಡು ನೋಡಿಕೊಂಡು ಇಲ್ಲಿಗೆ ಬಂದಿದ್ದರು.

ಯೂನಿವರ್ಸಿಟಿ ಇರುವ ಗುಡ್ಡದಿಂದ ಇಳಿಯುವ ರಸ್ತೆಯಲ್ಲಿ ಕಾರು ಸಿಕ್ಕಿತಂತೆ. ಎಲ್ಲಿಗೂ ತಾಗಿರಲಿಲ್ಲ. ರಸ್ತೆಯ ಅಂಚಿಗೆ ನೀಟಾಗಿ ನಿಂತಿತ್ತು. ಇಂಜಿನ್ ಆರಿಸಿತ್ತು, ಹ್ಯಾಂಡ್‌ಬ್ರೇಕು ಎಳೆದಿತ್ತು, ಇಳಿಜಾರಿನಲ್ಲಿ ಮಾಡಬೇಕಾದ ಹಾಗೆ ಮುಂದಿನ ಚಕ್ರಗಳನ್ನು ಅಂಚಿನ ಕಲ್ಲಿನ ಕಡೆಗೆ ತಿರುಗಿಸಿತ್ತು. ಡ್ರೈವಿಂಗ್ ಟೆಸ್ಟಿಗೆ ಮುಂಚೆ ಅದನ್ನು ನನಗೆ ಅವರೇ ಹೇಳಿಕೊಟ್ಟಿದ್ದರು. ಎದೆನೋವು ಬಂದದ್ದು ಗೊತ್ತಾಗಿ ನಿಲ್ಲಿಸಿರಬೇಕು, ಯಾರಿಗೂ ಏನೂ ಆಗದ ಹಾಗೆ ನಿಲ್ಲಿಸಿದ್ದಾರೆ ಎಂದು ಆ ಆಫೀಸರ್ ಮೆಲ್ಲಗೆ ಹೇಳಿದರು. ಮೇಸ್ತ್ರಿಯ ಕೈಗಳು ಎಲ್ಲಿದ್ದವು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಹದಿನೈದು ಜನರೂ ಇರಲಿಲ್ಲ. ಇದ್ದವರಲ್ಲಿ ಹೆಚ್ಚಿನವರು ಕಾರಿನ ಪಕ್ಕ ನಿಂತು ಕಾಲ ಕಳೆದವರು. ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ, ಆದರೂ ನಿಂತ ರೀತಿಯಲ್ಲೇ ಗುರುತು ಸಿಕ್ಕಿತು. ಎಲ್ಲರೂ ಪೆಟ್ಟಿಗೆಯ ಹತ್ತಿರ ನಿಂತಿದ್ದೆವು, ಯಾರೂ ಕೂರಲಿಲ್ಲ.

ಮಾರನೇ ವಾರ, ಪೊಲೀಸರು ಎಳೆಸಿ ಇಟ್ಟಿದ್ದ ಕಾರು ಬಿಡಿಸಿಕೊಳ್ಳಲು ನಾನೊಬ್ಬಳೇ ಹೋದೆ. ಗಂಡ ಬರುತ್ತೇನೆಂದರೂ ಬೇಡ ಅಂದೆ. ಒಳಗೆ ಕೂತು ಕಾಲು ಹಿಂದಕ್ಕೆಳೆದರೆ ಸೀಟಿನ ಅಡಿಯಲ್ಲಿ ಏನೋ ಹಿಮ್ಮಡಿಗೆ ತಗುಲಿತು. ಬಗ್ಗಿ ತೆಗೆದೆ. ಒಂದು ಕಟ್ಟಿಗೆಯ ತುಂಡು. ನನ್ನ ಸೀಟಿನ ಅಂಚಿನಿಂದ ಬ್ರೇಕ್ ಪೆಡಲಿನವರೆಗೆ ಅಳತೆ ಮಾಡಿ ಗರಗಸದಲ್ಲಿ ಕೊಯ್ದದ್ದು. ಒಂದು ತುದಿಯಲ್ಲಿ ಪೆಡಲಿನ ರಬ್ಬರಿನ ಗೆರೆಗಳು ಒತ್ತಿ ಒತ್ತಿ ಅಚ್ಚಾಗಿದ್ದವು.

ಡಿಪೊ ಮಗಳಲ್ಲವೇ, ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಪೆಡಲು ಒತ್ತುವವರಿಲ್ಲ. ಆ ಮನುಷ್ಯ ತಾನೇ ಒಳಗೆ ಕೂತು ಪೆಡಲು ಒತ್ತಿ, ಈ ತುಂಡನ್ನು ಸೀಟಿಗೂ ಪೆಡಲಿಗೂ ಅಡ್ಡ ಕೊಟ್ಟು, ಇಳಿದು, ಚಕ್ರದ ಹತ್ತಿರ ಮಲಗಿ, ತಿರುಪು ಬಿಟ್ಟು, ಬಿಗಿದು, ಎದ್ದು ಬಂದು, ತುಂಡು ತೆಗೆದು, ಮತ್ತೆ ಒತ್ತಿದ್ದಾರೆ. ನಾಲ್ಕು ಚಕ್ರ, ಒಂದೊಂದಕ್ಕೂ ಹತ್ತಾರು ಸಲ. ಬಗ್ಗಿ ಏಳಬೇಡಿ ಎಂದು ಡಾಕ್ಟರಿಂದ ಹೇಳಿಸಿಕೊಂಡಿದ್ದವರು. ಅರ್ಧಕ್ಕೆ ಬಿಟ್ಟು ಶೀಟಿನಲ್ಲಿ ಪರೀಕ್ಷಿಸಲಾಗಿದೆ ಎಂದು ಬರೆಯಬಹುದಿತ್ತು. ನೋಡುವವರು ಯಾರೂ ಇರಲಿಲ್ಲ.

ಕಾರು ಹೊರಗೆ ತಂದೆ. ಮೊದಲ ಸಿಗ್ನಲ್ಲಿನಲ್ಲಿ ಕಾಲಿಟ್ಟೆ. ಪೆಡಲು ಕಲ್ಲಿನಷ್ಟು ಗಟ್ಟಿ. ಒಂದಿಷ್ಟೂ ಗಾಳಿಯಿಲ್ಲ. ಒತ್ತು, ಹಿಡಿ, ಬಿಡು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಅಳುತ್ತ, ಮನೆಯವರೆಗೆ ಬಂದೆ. ಆ ಕಾರನ್ನು ಇನ್ನೂ ಏಳು ವರ್ಷ ಓಡಿಸಿದೆವು. ಬ್ರೇಕು ಒಂದು ದಿನವೂ ಕೈ ಕೊಡಲಿಲ್ಲ.

ಈಗ ಡೀಲರಿನ ಶೋರೂಮುಗಳಲ್ಲಿ ಕಾಯುವವರಿಗೆ ಸೋಫಾ ಹಾಕಿರುತ್ತಾರೆ. ನಾನು ಒಳಗಿನ ಕೆಲಸ ಕಾಣುವ ಗಾಜಿನ ಹತ್ತಿರ ಹೋಗಿ ನಿಲ್ಲುತ್ತೇನೆ. "ಅಮ್ಮಾ, ಯು ಕ್ಯಾನ್ ಸಿಟ್, ಯು ನೋ" ಎನ್ನುತ್ತಾಳೆ ಮಗಳು. ಅವಳಿಗೆ ಕಾರ್ ಸೀಟಿನ ನೆನಪಿಲ್ಲ. ನಿಂತರೆ ಕಾಲು ನೋಯುತ್ತದೆ, ಆದರೂ ನಿಲ್ಲುತ್ತೇನೆ. ಮೇಸ್ತ್ರಿ ಆ ಕಟ್ಟಿಗೆಯ ತುಂಡಿಗೆ ಕೊಟ್ಟದ್ದು ನನ್ನ ಕಾಲಿನ ಕೆಲಸ. ಅದು ನಡೆಯುತ್ತಿದ್ದ ಹೊತ್ತಿನಲ್ಲಿ ನಾನು ಎಲ್ ಕಮಿನೋ ರಿಯಲ್ ರಸ್ತೆಯ ಒಂದು ಹೋಟೆಲಿನಲ್ಲಿ ಕೂತು, ದೋಸೆ ಮುಗಿಸಿ, ಎರಡನೇ ಕಾಫಿ ಹೇಳಿದ್ದೆ.